ಮಾರಿಹೋದ ಮರಳು, ಉಳಿದ ಮೂರು ದಿಬ್ಬ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ ಮಿಷಿಗನ್ ಸಿಟಿ ಎಂಬ ಪಟ್ಟಣವಿದೆ. ಅದರ ಬಂದರಿನ ಪಕ್ಕದಲ್ಲಿ ಹಿಂದೊಮ್ಮೆ ಸುಮಾರು 200 ಅಡಿ ಎತ್ತರದ ಮರಳು ಗುಡ್ಡವೊಂದಿತ್ತು. ಜನ ಅದನ್ನು ‘ಹೂಜರ್ ಸ್ಲೈಡ್’ ಎಂದು ಕರೆಯುತ್ತಿದ್ದರು. ಹೂಜರ್ ಎಂಬುದು ಇಂಡಿಯಾನಾದವರಿಗಿರುವ ಅಡ್ಡಹೆಸರು; ಸ್ಲೈಡ್ ಎಂದರೆ ಜಾರುಬಂಡೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಷಿಕಾಗೊ ನಗರದಿಂದ ಹಡಗಿನಲ್ಲೂ ರೈಲಿನಲ್ಲೂ ಬರುತ್ತಿದ್ದ ಪ್ರವಾಸಿಗರು ಏದುಸಿರು ಬಿಡುತ್ತ ಅದನ್ನು ಹತ್ತಿ, ನಗುತ್ತ ಜಾರಿ ಇಳಿಯುತ್ತಿದ್ದರು. ಪಟ್ಟಣಕ್ಕೆ ಹೆಸರು ತಂದದ್ದೇ ಆ ಗುಡ್ಡ.

ಈಗ ಅಲ್ಲಿ ಗುಡ್ಡವಿಲ್ಲ. ಗಾಜು ತಯಾರಿಕೆಗೆ ಅದರ ಮರಳು ಬಲು ಯೋಗ್ಯ ಎಂದು ಕಂಡುಕೊಂಡ ಮೇಲೆ ಕೂಲಿಗಳು ಸಲಿಕೆ ಹಿಡಿದು ಅದನ್ನು ರೈಲು ವ್ಯಾಗನ್‌ಗಳಿಗೆ ತುಂಬತೊಡಗಿದರು. ಇಂಡಿಯಾನಾದ ಮನ್ಸಿ ಎಂಬ ಊರಿನಲ್ಲಿದ್ದ ಬಾಲ್ ಸೋದರರ ಕಾರ್ಖಾನೆ ದೊಡ್ಡ ಗಿರಾಕಿ. ಹಣ್ಣು, ತರಕಾರಿಗಳನ್ನು ಬೇಯಿಸಿ ಚಳಿಗಾಲಕ್ಕೆ ಕೂಡಿಡಲು ಅಮೆರಿಕದ ಗೃಹಿಣಿಯರು ಬಳಸುತ್ತಿದ್ದ ನಸುನೀಲಿ ಗಾಜಿನ ಭರಣಿಗಳು ಅಲ್ಲಿ ತಯಾರಾಗುತ್ತಿದ್ದವು. ಮೂವತ್ತು ವರ್ಷಗಳಲ್ಲಿ ಸುಮಾರು 1.35 ಕೋಟಿ ಟನ್ ಮರಳು ಸಾಗಿಹೋಯಿತು ಎಂಬ ಲೆಕ್ಕವಿದೆ. 1920ರ ಹೊತ್ತಿಗೆ ಗುಡ್ಡ ನೆಲಸಮವಾಗಿತ್ತು. ಮುಂದೆ ಆ ಜಾಗದಲ್ಲಿ ವಿದ್ಯುತ್ ಸ್ಥಾವರ ಎದ್ದಿತು.

ಅಲ್ಲಿಂದ ಪಶ್ಚಿಮಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಇನ್ನೂ ಮೂರು ದೊಡ್ಡ ದಿಬ್ಬಗಳು ನಿಂತಿವೆ. ಮೌಂಟ್ ಟಾಮ್ 192 ಅಡಿ, ಮೌಂಟ್ ಹೋಲ್ಡನ್ 184 ಅಡಿ, ಮೌಂಟ್ ಜಾಕ್ಸನ್ 176 ಅಡಿ. ಅವುಗಳ ಸುತ್ತ 2,182 ಎಕರೆ ಕಾಡು, ಜೌಗು, ಮರಳು ಮತ್ತು ಸುಮಾರು ಐದು ಕಿಲೋಮೀಟರು ಉದ್ದದ ದಂಡೆ. ಇದು ಇಂಡಿಯಾನಾ ಡ್ಯೂನ್ಸ್ ರಾಜ್ಯ ಉದ್ಯಾನ. ಬೇಸಿಗೆಯಲ್ಲಿ ಇಲ್ಲಿ ಈಜಲು, ಡೇರೆ ಹಾಕಿ ತಂಗಲು, ದಿಬ್ಬ ಹತ್ತಲು ಜನ ಕುಟುಂಬ ಸಮೇತ ಬರುತ್ತಾರೆ. ಮೂರೂ ದಿಬ್ಬಗಳನ್ನು ಒಂದೇ ನಡಿಗೆಯಲ್ಲಿ ಹತ್ತಿ ಇಳಿಯುವುದು ಒಂದು ಪಂಥವಾಗಿಯೇ ಬೆಳೆದಿದೆ. ಒಟ್ಟು ಏರು 552 ಅಡಿ. ಕೇಳಲು ಸುಲಭ. ಆದರೆ ಮರಳಿನಲ್ಲಿ ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ!

ಒಂದೇ ಸರೋವರ, ಒಂದೇ ಬಗೆಯ ಮರಳು. ಒಂದು ಗುಡ್ಡ ಭರಣಿಯಾಯಿತು, ಮೂರು ಗುಡ್ಡಗಳು ಉದ್ಯಾನವಾದವು. ಇದು ತಾನಾಗಿಯೇ ಆದದ್ದಲ್ಲ. ಗಾಜಿನವರು, ಉಕ್ಕಿನವರು, ಸಸ್ಯವಿಜ್ಞಾನಿಗಳು, ಮಹಿಳಾ ಸಂಘಗಳು, ರಾಜಕಾರಣಿಗಳು ಸೇರಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ಹಗ್ಗಜಗ್ಗಾಟದ ಫಲ ಅದು.

ಮರಳು ಬಂದ ಬಗೆ

ಮಿಷಿಗನ್ ಸರೋವರವನ್ನು ನಮ್ಮ ಕಡೆಯ ಕೆರೆಗಳ ಅಳತೆಯಲ್ಲಿ ಊಹಿಸಿಕೊಳ್ಳುವುದು ಕಷ್ಟ. ಅದರ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕೆ ತುಸು ಕಡಿಮೆ. ಈ ದಡದಲ್ಲಿ ನಿಂತರೆ ಆ ದಡ ಕಾಣುವುದಿಲ್ಲ. ಅಲೆಗಳಿವೆ, ಬಿರುಗಾಳಿಯಿದೆ, ಹಡಗು ಮುಳುಗಿದ ಕಥೆಗಳಿವೆ. ನೀರು ಮಾತ್ರ ಸಿಹಿ.

ಹಿಮಯುಗದ ಕೊನೆಯಲ್ಲಿ ಉತ್ತರದಿಂದ ಇಳಿದು ಬಂದಿದ್ದ ಬೃಹತ್ ನೀರ್ಗಲ್ಲು ಕರಗಿ ಹಿಂದೆ ಸರಿದಾಗ ಈ ಸರೋವರ ಹುಟ್ಟಿತು. ಆಗ ಅದರ ನೀರಿನ ಮಟ್ಟ ಇಂದಿಗಿಂತ ಸುಮಾರು 60 ಅಡಿ ಮೇಲಿತ್ತು. ಸಾವಿರಾರು ವರ್ಷಗಳಲ್ಲಿ ನೀರು ಹಂತ ಹಂತವಾಗಿ ಇಳಿಯಿತು. ಪ್ರತಿ ಹಂತದಲ್ಲೂ ಒಂದು ದಂಡೆ, ಒಂದು ಸಾಲು ದಿಬ್ಬ ಹಿಂದೆ ಉಳಿಯಿತು. ಈಗಲೂ ದಂಡೆಯಿಂದ ಒಳನಾಡಿನತ್ತ ಹೋದರೆ ಒಂದರ ಹಿಂದೆ ಒಂದು ಹಳೆಯ ದಿಬ್ಬಸಾಲುಗಳು ಸಿಗುತ್ತವೆ. ಅವುಗಳ ನಡುವಿನ ತಗ್ಗುಗಳಲ್ಲಿ ಜೌಗು.

ಸರೋವರದ ಆಕಾರ ಉತ್ತರ ದಕ್ಷಿಣವಾಗಿ ಉದ್ದ. ಪೂರ್ವ, ಪಶ್ಚಿಮ ಎರಡೂ ದಡಗಳನ್ನು ಅಲೆಗಳು ಕೊರೆದು, ಮರಳನ್ನು ದಡದುದ್ದಕ್ಕೂ ದಕ್ಷಿಣಕ್ಕೆ ತಳ್ಳುತ್ತವೆ. ತಳದ ತುದಿಯಲ್ಲಿರುವ ಇಂಡಿಯಾನಾದ ದಂಡೆಗೆ ಹೀಗೆ ಎರಡೂ ಕಡೆಯಿಂದ ಸರಕು ಬಂದು ಬೀಳುತ್ತದೆ. ಒಣಗಿದ ಮರಳನ್ನು ಗಾಳಿ ಎತ್ತಿ ಒಳಕ್ಕೆ ಸಾಗಿಸುತ್ತದೆ. ದಾರಿಯಲ್ಲೊಂದು ಹುಲ್ಲಿನ ಬುಡ ಸಿಕ್ಕರೆ ಸಾಕು, ಅದರ ಮರೆಯಲ್ಲಿ ಮರಳು ಕೂರುತ್ತದೆ. ಮ್ಯಾರಮ್ ಎಂಬ ಹುಲ್ಲಿನ ವಿಶೇಷವೆಂದರೆ, ಮರಳು ಮುಚ್ಚಿದಷ್ಟೂ ಅದು ಮೇಲಕ್ಕೆ ಬೆಳೆಯುತ್ತದೆ. ಹುಲ್ಲು ಏರಿದಂತೆ ಮರಳು, ಮರಳು ಏರಿದಂತೆ ಹುಲ್ಲು. ದಿಬ್ಬ ಕಟ್ಟುವುದು ಹೀಗೆ. ಹುಲ್ಲಿನ ಹೊದಿಕೆ ಎಲ್ಲಾದರೂ ಹರಿದರೆ ಗಾಳಿ ಅಲ್ಲಿ ಬಾಯಿ ಹಾಕಿ ದಿಬ್ಬವನ್ನು ಬಟ್ಟಲಿನಂತೆ ತೋಡಿಹಾಕುತ್ತದೆ. ರಾಜ್ಯ ಉದ್ಯಾನದೊಳಗೇ ಇಂಥ ದೊಡ್ಡ ಬಟ್ಟಲುಗಳಿವೆ. ಒಂದರಲ್ಲಿ, ಹಿಂದೆಂದೋ ಮರಳಿನಡಿ ಹೂತುಹೋಗಿ ಸತ್ತಿದ್ದ ಮರಗಳ ಬೋಳು ಕಾಂಡಗಳು ಮತ್ತೆ ಹೊರಬಿದ್ದು ನಿಂತಿವೆ. ಜನ ಅದಕ್ಕೆ ಮರಗಳ ಮಸಣ ಎನ್ನುತ್ತಾರೆ.

ಇನ್ನೊಂದು ಸೋಜಿಗವೂ ಇದೆ. ಒಣ ದಂಡೆಯ ಮೇಲೆ ಕಾಲೆಳೆದು ನಡೆದರೆ ಮರಳು ಕೀರಲು ದನಿ ಹೊರಡಿಸುತ್ತದೆ. ಬಹುಪಾಲು ಸ್ಫಟಿಕದ, ಒಂದೇ ಸಮನಾದ, ನುಣುಪು ಕಣಗಳು ಒಂದಕ್ಕೊಂದು ಉಜ್ಜುವುದರಿಂದ ಈ ಸದ್ದು. ಸ್ಫಟಿಕವೆಂದರೆ ಸಿಲಿಕಾ, ಗಾಜಿಗೆ ಬೇಕಾದದ್ದೂ ಅದೇ.

ದಿಬ್ಬದಲ್ಲಿ ಹುಟ್ಟಿದ ಶಾಸ್ತ್ರ

ಹೂಜರ್ ಸ್ಲೈಡಿನ ಮರಳು ವ್ಯಾಗನ್ ಏರುತ್ತಿದ್ದ ಕಾಲದಲ್ಲೇ ಷಿಕಾಗೊ ವಿಶ್ವವಿದ್ಯಾಲಯದ ಯುವ ಸಂಶೋಧಕ ಹೆನ್ರಿ ಚಾಂಡ್ಲರ್ ಕೌಲ್ಸ್ ಈ ದಂಡೆಯ ಮೇಲೆ ಹುಲ್ಲು, ಪೊದೆ, ಮರಗಳನ್ನು ಗುರುತು ಹಾಕಿಕೊಳ್ಳುತ್ತ ಓಡಾಡುತ್ತಿದ್ದರು. 1899ರಲ್ಲಿ ಅವರ ಪ್ರಬಂಧ ‘ಬೊಟಾನಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಪರಿಸರ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಬರಹಗಳಲ್ಲಿ ಅದೂ ಒಂದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಕೌಲ್ಸ್ ಕಂಡದ್ದು ಸರಳ ಸಂಗತಿ. ನೀರಿನಂಚಿನಲ್ಲಿ ಬರಿ ಮರಳು. ತುಸು ಒಳಗೆ ಮ್ಯಾರಮ್ ಹುಲ್ಲು. ಅದರಾಚೆ ಕಾಟನ್‌ವುಡ್ ಮರಗಳು, ಆಮೇಲೆ ಪೈನ್, ಆಮೇಲೆ ಓಕ್, ಕೊನೆಗೆ ಬೀಚ್ ಮತ್ತು ಮೇಪಲ್ ಮರಗಳ ದಟ್ಟ ಕಾಡು. ಸರೋವರ ಹಿಂದೆ ಸರಿಯುತ್ತ ಹೋದ ಜಾಗವಾದ್ದರಿಂದ, ಒಳಗೆ ಹೋದಷ್ಟೂ ನೆಲ ಹಳೆಯದು. ಹಾಗಾದರೆ ದಂಡೆಯಿಂದ ಕಾಡಿನತ್ತ ನಡೆಯುವುದೆಂದರೆ ಒಂದೇ ಜಾಗದ ಸಾವಿರಾರು ವರ್ಷಗಳ ಬದಲಾವಣೆಯನ್ನು ಒಂದು ಗಂಟೆಯಲ್ಲಿ ನೋಡಿದಂತೆ. ಒಂದು ಸಸ್ಯಸಮೂಹ ತಾನು ಬೆಳೆದ ನೆಲವನ್ನೇ ಬದಲಿಸಿ, ಮುಂದಿನ ಸಮೂಹಕ್ಕೆ ಜಾಗ ಮಾಡಿಕೊಡುತ್ತದೆ. ಇಂದು ಶಾಲೆಯ ಮಕ್ಕಳೂ ಓದುವ ‘ಸಸ್ಯ ಅನುಕ್ರಮಣ’ ತತ್ತ್ವ ಇದೇ.

ತತ್ತ್ವ ಕೌಲ್ಸ್ ಹೇಳಿದಷ್ಟಕ್ಕೇ ನಿಲ್ಲಲಿಲ್ಲವೆನ್ನಿ. 1958ರಲ್ಲಿ ಜೆರ್ರಿ ಓಲ್ಸನ್ ಎಂಬ ವಿಜ್ಞಾನಿ ಇದೇ ದಿಬ್ಬಗಳ ವಯಸ್ಸು, ಮಣ್ಣಿನ ಸಾರ ಅಳೆದು, ಎಲ್ಲ ದಿಬ್ಬಗಳೂ ಕೊನೆಗೆ ಮೇಪಲ್ ಕಾಡಾಗುತ್ತವೆ ಎಂಬ ನಂಬಿಕೆಯನ್ನು ಪ್ರಶ್ನಿಸಿದರು. ಬಹಳ ಕಡೆ ಓಕ್ ಹಂತದಲ್ಲೇ ಪಯಣ ನಿಂತುಬಿಡುತ್ತದೆ. ಸಾವಿರಾರು ವರ್ಷ ಕಳೆದರೂ ಮುಂದಕ್ಕೆ ಹೋಗುವುದಿಲ್ಲ. ಶಾಸ್ತ್ರವನ್ನು ಹುಟ್ಟಿಸಿದ ಜಾಗವೇ ಅದನ್ನು ತಿದ್ದಲೂ ನೆರವಾಯಿತು. ಎರಡನೆಯ ಪರೀಕ್ಷೆಗೆ ದಿಬ್ಬಗಳು ಉಳಿದಿದ್ದವಲ್ಲ, ಅದು ದೊಡ್ಡ ಮಾತು.

ಸಸ್ಯವೈವಿಧ್ಯದಲ್ಲೂ ಈ ಪ್ರದೇಶ ಸಾಮಾನ್ಯದ್ದಲ್ಲ. ಇಡೀ ದಿಬ್ಬಸೀಮೆಯಲ್ಲಿ 1,100ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಹಿಮದ ನಾಡಿನಿಂದ ಬಂದ ಬೇರ್‌ಬೆರಿ ಬಳ್ಳಿಯೂ ಬಿಸಿ ಮರಳಿನ ಪಾಪಾಸುಕಳ್ಳಿಯೂ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಪಾಪಾಸುಕಳ್ಳಿಯನ್ನು ಬಯಲುಸೀಮೆಯ ಬೇಲಿಗಳಲ್ಲಿ ನೋಡಿ ನಮ್ಮದೇ ಗಿಡವೆಂದು ತಿಳಿದವರು ಬಹಳ. ಅದರ ಕುಲದ ತವರು ಅಮೆರಿಕ ಖಂಡ.

ನಗರವಾಗಬೇಕಿದ್ದ ಜಾಗ

ಇಷ್ಟಾಗಿಯೂ ಇದು ಜನರಿಲ್ಲದ ಜಾಗವಾಗಿರಲಿಲ್ಲ. ಇದು ಪೊಟವಾಟೊಮಿ ಬುಡಕಟ್ಟಿನವರ ನೆಲ. 1822ರಲ್ಲಿ ಜೋಸೆಫ್ ಬೈಯಿ ಎಂಬ ತುಪ್ಪಳದ ವ್ಯಾಪಾರಿ ಇಲ್ಲಿಗೆ ಬಂದು ಅವರೊಡನೆ ವಹಿವಾಟು ನಡೆಸಿದ. 1838ರಲ್ಲಿ ಇಂಡಿಯಾನಾದ ಪೊಟವಾಟೊಮಿಗಳಲ್ಲಿ 800ಕ್ಕೂ ಹೆಚ್ಚು ಮಂದಿಯನ್ನು ಬಂದೂಕಿನ ಕಾವಲಿನಲ್ಲಿ ದೂರದ ಕ್ಯಾನ್ಸಸ್‌ಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ಮಕ್ಕಳು. ‘ಸಾವಿನ ಹಾದಿ’ ಎಂಬ ಹೆಸರು ಆ ಪಯಣಕ್ಕೆ ಅಂಟಿಕೊಂಡಿದೆ.

ಅದೇ ದಶಕದಲ್ಲಿ, ಇಂದಿನ ರಾಜ್ಯ ಉದ್ಯಾನದ ತೊರೆ ಸರೋವರವನ್ನು ಸೇರುವೆಡೆ ಬಿಳಿಯ ವ್ಯಾಪಾರಿಗಳು ಸಿಟಿ ವೆಸ್ಟ್ ಎಂಬ ನಗರ ಕಟ್ಟಲು ಹೊರಟರು. ಬಂದರು ಬರುತ್ತದೆ, ಷಿಕಾಗೊವನ್ನು ಮೀರಿಸುತ್ತದೆ ಎಂದೆಲ್ಲ ಪ್ರಚಾರವಾಗಿ ನಿವೇಶನಗಳು ಮಾರಾಟವಾದವು. ಖ್ಯಾತ ರಾಜಕಾರಣಿ ಡೇನಿಯಲ್ ವೆಬ್‌ಸ್ಟರ್ ಕೂಡ 1837ರಲ್ಲಿ ಭೇಟಿ ಕೊಟ್ಟರು. ಅದೇ ವರ್ಷ ದೇಶದಲ್ಲಿ ಬ್ಯಾಂಕುಗಳು ಕುಸಿದು ಹಣಕಾಸಿನ ಮುಗ್ಗಟ್ಟು ಬಂತು. ಸಿಟಿ ವೆಸ್ಟ್ ಪಾಳು ಬಿತ್ತು. ಹೀಗೆ ಒಂದು ದಿವಾಳಿಯ ದೆಸೆಯಿಂದ ಆ ದಂಡೆ ಇನ್ನು ಎಂಬತ್ತು ತೊಂಬತ್ತು ವರ್ಷ ಯಾರಿಗೂ ಬೇಡವಾಗಿ ಉಳಿಯಿತು.

ಬೇಡವಾದ ಜಾಗಕ್ಕೂ ಉಪಯೋಗಗಳಿದ್ದವು. 1896ರಲ್ಲಿ ಆಕ್ಟೇವ್ ಷನೂಟ್ ಎಂಬ ಅರವತ್ತನಾಲ್ಕು ವರ್ಷದ ಎಂಜಿನಿಯರ್ ತಮ್ಮ ಕಿರಿಯ ಸಂಗಡಿಗರೊಡನೆ ಪಶ್ಚಿಮದ ದಿಬ್ಬಗಳಿಗೆ ಬಂದು ಡೇರೆ ಹಾಕಿದರು. ಎಂಜಿನ್ ಇಲ್ಲದ ರೆಕ್ಕೆಯಂತ್ರಗಳನ್ನು ದಿಬ್ಬದ ನೆತ್ತಿಯಿಂದ ಗಾಳಿಗೆ ಬಿಡುವುದು ಅವರ ಪ್ರಯೋಗ. ಬಿದ್ದರೆ ಮೆತ್ತನೆಯ ಮರಳು, ಎದುರಿಗೆ ಬೀಸುವ ಸರೋವರದ ಗಾಳಿ. ಮುಂದೆ ರೈಟ್ ಸೋದರರು ವಿಮಾನ ಕಟ್ಟುವಾಗ ಪತ್ರ ಬರೆದು ಸಲಹೆ ಕೇಳಿದ್ದು ಇದೇ ಷನೂಟ್ ಅವರನ್ನು.

ಷನೂಟ್ ಹಾರಿಸಿದ ಹತ್ತು ವರ್ಷಕ್ಕೆ, 1906ರಲ್ಲಿ, ಅದರ ಪಕ್ಕದಲ್ಲೇ ಯು.ಎಸ್. ಸ್ಟೀಲ್ ಕಂಪೆನಿ ಬೃಹತ್ ಉಕ್ಕಿನ ಕಾರ್ಖಾನೆಗೆ ಕೈಹಾಕಿತು. ದಿಬ್ಬಗಳನ್ನು ಕಡಿದು ಮಟ್ಟ ಮಾಡಿದರು, ನದಿಯ ಪಾತ್ರವನ್ನೇ ಸರಿಸಿದರು. ಕಾರ್ಖಾನೆಯ ಜತೆ ಎದ್ದ ನಗರಕ್ಕೆ ಕಂಪೆನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿ ಅವರ ಹೆಸರಿಟ್ಟರು. ಅದಿರು ಹಡಗಿನಲ್ಲಿ, ಕಲ್ಲಿದ್ದಲು ರೈಲಿನಲ್ಲಿ, ಮಾರುಕಟ್ಟೆ ಪಕ್ಕದ ಷಿಕಾಗೊದಲ್ಲಿ. ಉದ್ಯಮಿಯ ಕಣ್ಣಿಗೆ ಇದಕ್ಕಿಂತ ಒಳ್ಳೆಯ ದಂಡೆ ಬೇರೊಂದಿರಲಿಲ್ಲ. ತೊಂದರೆ ಎಂದರೆ, ಸಸ್ಯವಿಜ್ಞಾನಿಯ ಕಣ್ಣಿಗೂ ಅದೇ ದಂಡೆ ಬೇಕಿತ್ತು.

‘ಮೊದಲು ದೇಶ ಉಳಿಸಿ’

ಷಿಕಾಗೊದಲ್ಲಿ ವಾರಾಂತ್ಯದ ಕಾಲ್ನಡಿಗೆಯ ಗೀಳು ಹತ್ತಿಸಿಕೊಂಡವರ ಪ್ರೇರಿ ಕ್ಲಬ್ ಎಂಬ ಸಂಘವಿತ್ತು. ಈ ಸಂಘ 1913ರಲ್ಲಿ ಮೂರು ದಿಬ್ಬಗಳ ಬಳಿ ದಂಡೆಯ ಮೇಲೆ ತಂಗುಮನೆ ಕಟ್ಟಿಕೊಂಡಿತು. ಕೌಲ್ಸ್ ಅವರಂಥ ವಿಜ್ಞಾನಿಗಳು, ಭೂದೃಶ್ಯ ವಿನ್ಯಾಸಕ ಜೆನ್ಸ್ ಜೆನ್ಸನ್, ಕಲಾವಿದರು, ಶಿಕ್ಷಕಿಯರು ಈ ವಲಯಕ್ಕೆ ಸೇರಿದ್ದರು. ಹೂಜರ್ ಸ್ಲೈಡ್ ದಿನದಿನಕ್ಕೆ ಕುಗ್ಗುವುದನ್ನು, ಗ್ಯಾರಿಯ ಹೊಗೆ ಏರುವುದನ್ನು ಅವರು ಕಣ್ಣಾರೆ ನೋಡುತ್ತಿದ್ದರು. ದಂಡೆಯನ್ನು ರಾಷ್ಟ್ರೀಯ ಉದ್ಯಾನವಾಗಿಸಬೇಕೆಂಬ ಕೂಗು ಎದ್ದದ್ದು ಅಲ್ಲಿಂದ.

1916ರ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವಾ ಇಲಾಖೆ ಹುಟ್ಟಿತು. ಅದರ ಮುಖ್ಯಸ್ಥರಾದ ಸ್ಟೀಫನ್ ಮ್ಯಾದರ್ ಷಿಕಾಗೊದಲ್ಲಿ ನೆಲೆಸಿದ್ದವರು, ದಿಬ್ಬಗಳನ್ನು ಬಲ್ಲವರು. ಅಕ್ಟೋಬರ್ 30ರಂದು ಅವರು ಷಿಕಾಗೊದಲ್ಲಿ ನಡೆಸಿದ ಸಾರ್ವಜನಿಕ ವಿಚಾರಣೆಗೆ ಸುಮಾರು 400 ಜನ ಬಂದರು. ಮಾತಾಡಿದ 42 ಮಂದಿಯೂ ಉದ್ಯಾನದ ಪರವಾಗಿಯೇ ಮಾತಾಡಿದರು. ವಿರೋಧಿಗಳು ಇರಲಿಲ್ಲವೆಂದಲ್ಲ. ದಂಡೆಯಿರುವ ಪೋರ್ಟರ್ ಜಿಲ್ಲೆಯ ಮುಖಂಡರಿಗೆ ಕಾರ್ಖಾನೆ ಬೇಕಿತ್ತು, ಬಂದರು ಬೇಕಿತ್ತು, ಅವುಗಳಿಂದ ಬರುವ ತೆರಿಗೆ ಬೇಕಿತ್ತು. ಅವರ ವಾದವನ್ನು ಬರಿಯ ದುರಾಸೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮರಳನ್ನು ನೋಡಿ ಸಂತೋಷಪಡುವವರು ಬೇರೆ ರಾಜ್ಯದ ನಗರದವರು, ಅದರ ಮೇಲೆ ಬದುಕಬೇಕಾದವರು ತಾವು ಎಂಬ ಸಿಟ್ಟು ಅದರಲ್ಲಿತ್ತು.

ಅಡ್ಡಿ ಇನ್ನೊಂದಿತ್ತು. ಯೆಲ್ಲೊಸ್ಟೋನ್ ಮುಂತಾದ ಉದ್ಯಾನಗಳನ್ನು ಸರ್ಕಾರದ್ದೇ ಜಮೀನಿನಲ್ಲಿ ಮಾಡಲಾಗಿತ್ತು. ದಿಬ್ಬಗಳು ಖಾಸಗಿ ಸ್ವತ್ತು. ಹಣ ಕೊಟ್ಟು ಕೊಳ್ಳಲು ಸಂಸತ್ತು ಮುಂದಾಗಬೇಕು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ‘ಮೊದಲು ದೇಶ ಉಳಿಸಿ, ಆಮೇಲೆ ದಿಬ್ಬ ಉಳಿಸಿ’ ಎಂಬ ಘೋಷಣೆ ಎಲ್ಲೆಡೆ ಹರಡಿತು. ಉದ್ಯಾನದ ಬೆಂಬಲಿಗರು ಮೇ 30 ಮತ್ತು ಜೂನ್ 3ರಂದು ಈ ಸೀಮೆಯ ಚರಿತ್ರೆಯನ್ನು ದಿಬ್ಬಗಳ ನಡುವೆ ಬಯಲು ನಾಟಕವಾಗಿ ಆಡಿದರು. ಸಾವಿರಾರು ಜನ ನೋಡಿದರು. ನಾಟಕ ಗೆದ್ದಿತು, ಮಸೂದೆ ಮಾತ್ರ ಏಳಲಿಲ್ಲ.

ರಾಜ್ಯದ ಪಾಲಿಗೆ ಬಂದ ತುಂಡು

ಕೇಂದ್ರ ಕೈಬಿಟ್ಟ ಮೇಲೆ ರಾಜ್ಯದ ಬಾಗಿಲು ತಟ್ಟುವುದೊಂದೇ ದಾರಿ. ಇಂಡಿಯಾನಾದಲ್ಲಿ ರಿಚರ್ಡ್ ಲೀಬರ್ ಎಂಬ ಜರ್ಮನ್ ಮೂಲದ ಅಧಿಕಾರಿ 1916ರಿಂದ ರಾಜ್ಯ ಉದ್ಯಾನಗಳನ್ನು ಕಟ್ಟುತ್ತಿದ್ದರು. ಗ್ಯಾರಿ ನಗರದ ಬೆಸ್ ಶೀಹನ್ ಎಂಬಾಕೆ ರಾಜ್ಯದ ಮಹಿಳಾ ಸಂಘಗಳ ಒಕ್ಕೂಟವನ್ನು ಈ ಕೆಲಸಕ್ಕೆ ಹೂಡಿದರು. ಸಾವಿರಾರು ಗೃಹಿಣಿಯರು ತಮ್ಮ ತಮ್ಮ ಊರಿನ ಶಾಸಕರ ಬೆನ್ನು ಹತ್ತಿದರೆ ಏನಾಗುತ್ತದೆಂಬುದನ್ನು ಊಹಿಸಬಹುದು. 1923ರಲ್ಲಿ ಶಾಸನವಾಯಿತು. ಜಮೀನು ಖರೀದಿಗಾಗಿ ಕೆಲವು ವರ್ಷ ಆಸ್ತಿಗಳ ಮೇಲೆ ಒಂದು ಸಣ್ಣ ತೆರಿಗೆ ಹಾಕಲು ಒಪ್ಪಿಗೆ ಸಿಕ್ಕಿತು.

ತೆರಿಗೆಯ ಹಣ ಮೆಲ್ಲಗೆ ಬರುತ್ತಿತ್ತು, ಜಮೀನಿನ ಬೆಲೆ ಬೇಗ ಏರುತ್ತಿತ್ತು. ದಾನಿಗಳನ್ನು ಹುಡುಕಬೇಕಾಯಿತು. ಷಿಕಾಗೊದ ಸೀಯರ್ಸ್ ಮಳಿಗೆಗಳ ಜೂಲಿಯಸ್ ರೋಸೆನ್ವಾಲ್ಡ್ ಕೊಟ್ಟರು. ಇನ್ನೊಬ್ಬ ದೊಡ್ಡ ದಾನಿ ಯಾರೆಂದರೆ, ಎಲ್ಬರ್ಟ್ ಗ್ಯಾರಿ! ಪಶ್ಚಿಮದ ದಿಬ್ಬಗಳನ್ನು ನೆಲಸಮ ಮಾಡಿದ ಕಂಪೆನಿಯ ಅಧ್ಯಕ್ಷರೇ ಪೂರ್ವದ ದಿಬ್ಬಗಳನ್ನು ಉಳಿಸಲು ಹಣ ಕೊಟ್ಟರು. ಅದನ್ನು ಪ್ರಾಯಶ್ಚಿತ್ತವೆನ್ನಬೇಕೋ, ಮುಂದಿನ ಕಾರ್ಖಾನೆಗಳಿಗೆ ಬೇಲಿ ಆಚೆ ದಾರಿ ಬಿಡಿಸಿಕೊಂಡ ಜಾಣತನವೆನ್ನಬೇಕೋ ಓದುಗರೇ ತೀರ್ಮಾನಿಸಬಹುದು. 1925ರಲ್ಲಿ ಉದ್ಯಾನ ಸ್ಥಾಪನೆಯಾಗಿ ಮರುವರ್ಷ ಜನರಿಗೆ ತೆರೆಯಿತು. 1930ರ ಹೊತ್ತಿಗೆ ದಂಡೆಯ ಮೇಲೆ ಸ್ನಾನಗೃಹ, ಭೋಜನಾಲಯಗಳಿದ್ದ ದೊಡ್ಡ ಕಟ್ಟಡ ಎದ್ದಿತು. ಷಿಕಾಗೊದಿಂದ ಬರುವ ವಿದ್ಯುತ್ ರೈಲಿನ ಕಂಪೆನಿ ದಿಬ್ಬಗಳ ಬಣ್ಣಬಣ್ಣದ ಭಿತ್ತಿಚಿತ್ರಗಳನ್ನು ಅಚ್ಚು ಹಾಕಿಸಿ ನಿಲ್ದಾಣಗಳಲ್ಲಿ ಅಂಟಿಸಿತು. ಆ ರೈಲು ಇಂದಿಗೂ ಓಡುತ್ತಿದೆ.

ಮ್ಯಾದರ್ ಕನಸು ಕಂಡಿದ್ದು ಇದಕ್ಕಿಂತ ಬಹಳ ಉದ್ದದ ದಂಡೆಯ ಉದ್ಯಾನ. ಸಿಕ್ಕಿದ್ದು ಅದರ ಒಂದು ಸಣ್ಣ ಭಾಗ.

ಉದ್ಯಾನವಾದೊಡನೆ ಅಲ್ಲಿ ಮೊದಲೇ ನೆಲೆಸಿದ್ದವರ ಪ್ರಶ್ನೆ ಬಂತು. ಫ್ರಾಂಕ್ ಡಡ್ಲಿ ಎಂಬ ಚಿತ್ರಕಾರ ದಿಬ್ಬಗಳ ನಡುವೆ ಪುಟ್ಟ ಮನೆ ಮಾಡಿಕೊಂಡು ಅವುಗಳನ್ನೇ ಬರೆಯುತ್ತಿದ್ದರು. ಜಮೀನು ಸರ್ಕಾರದ್ದಾದ ಮೇಲೆ ಮನೆಗೆ ಬಾಡಿಗೆ ಗೊತ್ತು ಮಾಡಬೇಕಲ್ಲ? ವರ್ಷಕ್ಕೊಂದು ಚಿತ್ರ ಬರೆದು ಕೊಡುವುದೆಂದು ಒಪ್ಪಂದವಾಯಿತು. ಇಷ್ಟು ಹಿತವಾದ ಬಾಡಿಗೆ ಕರಾರು ಸರ್ಕಾರಿ ಕಡತಗಳಲ್ಲಿ ಸಿಗುವುದು ಅಪರೂಪ.

ಆಲಿಸ್ ಗ್ರೇ ಅವರ ಕಥೆ ಅಷ್ಟು ಹಿತವಾದದ್ದಲ್ಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿದ್ದ ಈಕೆ 1915ರಲ್ಲಿ ನಗರ ಬಿಟ್ಟು ದಿಬ್ಬಗಳ ನಡುವಿನ ಪಾಳು ಗುಡಿಸಲೊಂದರಲ್ಲಿ ಒಬ್ಬರೇ ಬಾಳತೊಡಗಿದರು. ಷಿಕಾಗೊ ಪತ್ರಿಕೆಗಳಿಗೆ ಸುಗ್ಗಿ. ‘ದಿಬ್ಬಗಳ ಡಯಾನಾ’ ಎಂದು ಗ್ರೀಕ್ ರೋಮನ್ ದೇವತೆಗಳ ಸಾಲಿಗೆ ಸೇರಿಸಿ, ನಗ್ನವಾಗಿ ಈಜುತ್ತಾಳಂತೆ, ಹಾಗಂತೆ ಹೀಗಂತೆ ಎಂದು ಪುಟ ತುಂಬಿಸಿದವು. ಆಕೆ 1917ರಲ್ಲಿ ದಿಬ್ಬಗಳ ರಕ್ಷಣೆಗಾಗಿ ಸಭೆಯಲ್ಲಿ ಮಾತಾಡಿದ್ದು ಗಾಸಿಪ್ಪಿನಷ್ಟು ಅಚ್ಚಾಗಲಿಲ್ಲ. ಆಲಿಸ್ 1925ರ ಫೆಬ್ರುವರಿಯಲ್ಲಿ ತೀರಿಕೊಂಡರು. ಉದ್ಯಾನ ತೆರೆದದ್ದನ್ನು ನೋಡಲಿಲ್ಲ.

ಎರಡನೆಯ ಸುತ್ತು

ಉದ್ಯಾನದ ಬೇಲಿಯ ಹೊರಗಿದ್ದ ದಂಡೆಯ ಕಥೆ ಏನಾಯಿತು? ಮೂವತ್ತು ವರ್ಷ ಹೆಚ್ಚೇನೂ ಆಗಲಿಲ್ಲ. 1950ರ ಹೊತ್ತಿಗೆ ಬಂದರು, ಉಕ್ಕು ಎಂಬ ಮಾತು ಮತ್ತೆ ಎದ್ದಾಗ, ಡೊರೊಥಿ ಬ್ಯೂಯೆಲ್ ಎಂಬ ಗೃಹಿಣಿ 1952ರಲ್ಲಿ ತಮ್ಮ ಮನೆಯಲ್ಲಿ ಇಪ್ಪತ್ತೊಂದು ಮಹಿಳೆಯರನ್ನು ಕೂಡಿಸಿ ‘ಸೇವ್ ದ ಡ್ಯೂನ್ಸ್’ ಸಂಘ ಆರಂಭಿಸಿದರು. ಸಂಘದ ಮೊದಲ ಖರೀದಿ, ತೆರಿಗೆ ಬಾಕಿಗಾಗಿ ಹರಾಜಾಗುತ್ತಿದ್ದ 56 ಎಕರೆ ಜೌಗು. ಬೆಲೆ 1,730 ಡಾಲರ್. ಕೌಲ್ಸ್ ತಮ್ಮ ವಿದ್ಯಾರ್ಥಿಗಳನ್ನು ಕರೆತರುತ್ತಿದ್ದ ಜಾಗ ಅದು. ಈಗ ಅದಕ್ಕೆ ಅವರದೇ ಹೆಸರಿದೆ.

ಇಂಡಿಯಾನಾದ ಪ್ರತಿನಿಧಿಗಳು ಬಂದರಿನ ಪರವಾಗಿದ್ದುದರಿಂದ ದಿಬ್ಬಗಳ ಪರ ನಿಂತದ್ದು ಪಕ್ಕದ ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಸ್. 1958ರಲ್ಲಿ ಅವರು ಮಸೂದೆ ಮಂಡಿಸಿದರು. ‘ಇಂಡಿಯಾನಾದ ಮೂರನೆಯ ಸೆನೆಟರ್’ ಎಂದು ವಿರೋಧಿಗಳು ಗೇಲಿ ಮಾಡಿದರು. ಅಷ್ಟರಲ್ಲಿ ರಾಜ್ಯ ಉದ್ಯಾನದ ಪಶ್ಚಿಮಕ್ಕಿದ್ದ ನಡುದಂಡೆಯನ್ನು ಬೆತ್ಲೆಹೆಮ್ ಸ್ಟೀಲ್ ಕಂಪೆನಿ ಕೊಂಡಾಗಿತ್ತು. ಮಸೂದೆ ಚರ್ಚೆಯಲ್ಲಿರುವಾಗಲೇ ಆ ದಿಬ್ಬಗಳನ್ನು ಕಡಿಯಲಾಯಿತು. ಮರಳನ್ನು ದೋಣಿಗಳಲ್ಲಿ ಸರೋವರದಾಚೆ ಸಾಗಿಸಿ, ಇಲಿನಾಯ್‌ನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆವರಣ ವಿಸ್ತರಿಸಲು ನೀರಿಗೆ ಸುರಿದರು. ಒಂದು ವಿಶ್ವವಿದ್ಯಾಲಯಕ್ಕೆ ಶಾಸ್ತ್ರ ಕೊಟ್ಟ ದಿಬ್ಬಗಳು ಇನ್ನೊಂದಕ್ಕೆ ಬರಿಯ ಭರ್ತಿ ಮಣ್ಣಾದವು.

ಕೆನಡಿ ಆಡಳಿತ 1963ರಲ್ಲಿ ರಾಜಿಸೂತ್ರ ತಂದಿತು: ಬಂದರೂ ಇರಲಿ, ಉದ್ಯಾನವೂ ಇರಲಿ. 1966ರ ನವೆಂಬರ್ 5ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾಯ್ದೆಯಿಂದ ಸುಮಾರು 8,330 ಎಕರೆಗಳ ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಸರೋವರ ತೀರ ಹುಟ್ಟಿತು. ಮುಂದೆ ಹಲವು ಬಾರಿ ಬೆಳೆದು ಈಗ ಅದು 15,000 ಎಕರೆಗೂ ಮಿಕ್ಕಿದೆ. 2019ರ ಫೆಬ್ರುವರಿ 15ರಂದು ಅದಕ್ಕೆ ರಾಷ್ಟ್ರೀಯ ಉದ್ಯಾನವೆಂಬ ಹೆಸರೇ ಸಿಕ್ಕಿತು. ಮ್ಯಾದರ್ ಅವರ ವಿಚಾರಣೆ ನಡೆದು ನೂರೆರಡು ವರ್ಷ ಕಳೆದ ಮೇಲೆ. ರಾಜ್ಯ ಉದ್ಯಾನ ಅದರ ನಡುವೆ ದ್ವೀಪದಂತಿದೆ. ಕಾಯ್ದೆಯ ಗಡಿಯೊಳಗಿದ್ದರೂ ರಾಜ್ಯ ಅದನ್ನು ಬಿಟ್ಟುಕೊಟ್ಟಿಲ್ಲ. ಪ್ರವಾಸಿ ಎರಡಕ್ಕೂ ಬೇರೆ ಬೇರೆ ಪ್ರವೇಶ ಶುಲ್ಕ ಕೊಡಬೇಕು.

ಸಾರ್ವಜನಿಕ ದಂಡೆ ಎಂದರೆ ಯಾರ ದಂಡೆ ಎಂಬ ಪ್ರಶ್ನೆಯೂ ಈ ಚರಿತ್ರೆಯಲ್ಲಿ ಇಣುಕುತ್ತದೆ. ಗ್ಯಾರಿ ನಗರಸಭೆಯ ಮಾರ್ಕೆಟ್ ಪಾರ್ಕ್ ದಂಡೆಗೆ ಅಲ್ಲಿನ ಉಕ್ಕಿನ ಕುಲುಮೆಗಳಲ್ಲಿ ದುಡಿಯುತ್ತಿದ್ದ ಕರಿಯರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. 1949ರ ಆಗಸ್ಟ್‌ನಲ್ಲಿ ಕರಿಯರೂ ಬಿಳಿಯರೂ ಕೂಡಿ ಅಲ್ಲಿಗೆ ಹೋಗಿ ಪ್ರತಿಭಟಿಸಿದರು. ಕಲ್ಲೇಟು ಬಿತ್ತು.

ನಿಲ್ಲದ ಮರಳು

ರಾಜ್ಯ ಉದ್ಯಾನದ ಪೂರ್ವ ಭಾಗದ 1,530 ಎಕರೆಯನ್ನು ನಿಸರ್ಗ ಮೀಸಲು ಎಂದು ಕಾಪಾಡಲಾಗಿದೆ. ಡೇರೆ ಹಾಕುವವರಿಗೆ, ಮೋಟಾರು ಮನೆಗಳಲ್ಲಿ ಬರುವವರಿಗೆ ದಿಬ್ಬಗಳ ಹಿಂದಿನ ಕಾಡಂಚಿನಲ್ಲಿ ವಿದ್ಯುತ್ ಸೌಕರ್ಯವಿರುವ ನೂರಕ್ಕೂ ಹೆಚ್ಚು ತಾಣಗಳಿವೆ. ಬೇಸಿಗೆಯಲ್ಲಿ ಮುಂಗಡ ಕಾದಿರಿಸದೆ ಸಿಗುವುದು ಕಷ್ಟ. ವಲಸೆಯ ಕಾಲದಲ್ಲಿ ದೊಡ್ಡ ನೀರನ್ನು ದಾಟಲೊಲ್ಲದ ಹದ್ದು, ಡೇಗೆಗಳು ಸರೋವರದ ಈ ತಳತುದಿಯನ್ನು ಬಳಸಿ ಹೋಗುವುದರಿಂದ ಪಕ್ಷಿವೀಕ್ಷಕರ ದಂಡೇ ಸೇರುತ್ತದೆ. ದಂಡೆಯಿಂದ ಪಶ್ಚಿಮಕ್ಕೆ ನೋಡಿದರೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು, ಅವುಗಳ ಆಚೆ ಬಾನು ತಿಳಿಯಾಗಿದ್ದ ದಿನ ಷಿಕಾಗೊದ ಗಗನಚುಂಬಿಗಳು ಕಾಣುತ್ತವೆ. ನೆರೆಹೊರೆ ಯಾವಾಗಲೂ ಸುಖವಾಗಿಲ್ಲ. 2019ರ ಆಗಸ್ಟ್‌ನಲ್ಲಿ ಬರ್ನ್ಸ್ ಹಾರ್ಬರ್‌ನ ಉಕ್ಕಿನ ಕಾರ್ಖಾನೆಯಿಂದ ಸೈನೈಡ್ ಬೆರೆತ ನೀರು ನದಿಗೆ ಹರಿದು ಸಾವಿರಾರು ಮೀನು ಸತ್ತವು. ಸುತ್ತಲಿನ ಸ್ನಾನದ ದಂಡೆಗಳನ್ನು ಮುಚ್ಚಬೇಕಾಯಿತು.

ಬೇಲಿ ಹಾಕಿದ ಮಾತ್ರಕ್ಕೆ ಮರಳು ನಿಲ್ಲುವುದೂ ಇಲ್ಲ. ರಾಷ್ಟ್ರೀಯ ಉದ್ಯಾನದ ಪೂರ್ವ ತುದಿಯಲ್ಲಿ, ಮಿಷಿಗನ್ ಸಿಟಿಗೆ ತಾಗಿದಂತೆ, ಮೌಂಟ್ ಬಾಲ್ಡಿ ಎಂಬ ಬೋಳು ದಿಬ್ಬವಿದೆ. ಎತ್ತರ ಸುಮಾರು 126 ಅಡಿ. ಅದು ವರ್ಷಕ್ಕೆ ಕೆಲವು ಅಡಿಗಳಂತೆ ಒಳನಾಡಿನತ್ತ ಸರಿಯುತ್ತ, ಎದುರಾದ ಓಕ್ ಮರಗಳನ್ನು ನುಂಗುತ್ತಿದೆ. 2013ರ ಜುಲೈನಲ್ಲಿ ಆರು ವರ್ಷದ ಬಾಲಕನೊಬ್ಬ ಅದರ ಮೇಲೆ ನಡೆಯುತ್ತಿದ್ದಾಗ ನಿಂತ ನೆಲವೇ ಬಾಯಿ ಬಿಟ್ಟು ಒಳಗೆ ಸೆಳೆದುಕೊಂಡಿತು. ಮೂರು ಗಂಟೆಗೂ ಹೆಚ್ಚು ಕಾಲ ಅಗೆದು ಅವನನ್ನು ಹೊರತೆಗೆದರು, ಬದುಕಿದ್ದ. ತೇಲುಮರಳಿನಲ್ಲಿ ಹೀಗೆ ಪೊಟರೆಯಾಗಿ ನಿಲ್ಲುವುದು ಅಸಾಧ್ಯ ಎಂದು ತಿಳಿದಿದ್ದ ವಿಜ್ಞಾನಿಗಳು ತಬ್ಬಿಬ್ಬಾದರು. ಕೊನೆಗೆ ಗೊತ್ತಾದದ್ದು ಇದು: ದಿಬ್ಬ ನುಂಗಿದ್ದ ಓಕ್ ಮರಗಳು ಒಳಗೇ ಕೊಳೆತು, ಮರದ ಆಕಾರದ ಟೊಳ್ಳುಗಳು ಉಳಿದಿದ್ದವು. ಆ ದಿಬ್ಬವನ್ನು ಮನಬಂದಂತೆ ಹತ್ತಲು ಈಗ ಬಿಡುವುದಿಲ್ಲ.

ಬಾಲ್ಡಿ ಹೀಗೆ ಓಡುವುದಕ್ಕೆ ಮನುಷ್ಯರ ಕೈವಾಡವೂ ಇದೆ. ಮಿಷಿಗನ್ ಸಿಟಿ ಬಂದರಿನ ತಡೆಗೋಡೆಗಳು ಪೂರ್ವದಿಂದ ಬರುವ ಮರಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಗೋಡೆಯ ಆಚೆ ದಂಡೆ ಅಗಲವಾಗುತ್ತದೆ, ಈಚೆ ಸವೆಯುತ್ತದೆ. ಸರೋವರದ ಮಟ್ಟ 2013ರ ಜನವರಿಯಲ್ಲಿ ದಾಖಲೆ ಪ್ರಮಾಣಕ್ಕೆ ಇಳಿದು, 2020ರಲ್ಲಿ ದಾಖಲೆಯ ಸಮೀಪದ ಎತ್ತರಕ್ಕೆ ಏರಿತು. ಆ ವರ್ಷ ಅಲೆಗಳು ಹಲವೆಡೆ ದಿಬ್ಬಗಳ ಬುಡವನ್ನೇ ಕೊರೆದವು, ಸ್ನಾನದ ದಂಡೆಗಳು ಕಿರಿದಾದವು. ಸವೆದ ದಂಡೆಗೆ ಮರಳು ತುಂಬುವ ಕೆಲಸ ಬಾಲ್ಡಿಯ ಬುಡದಲ್ಲಿ 1970ರ ದಶಕದಿಂದ ಆಗಾಗ ನಡೆದಿದೆ. ಕೆಲವು ಸಲ ಬೇಕಾದ ಮರಳನ್ನು ಒಳನಾಡಿನಿಂದ ಲಾರಿಗಳಲ್ಲಿ ಹೇರಿಕೊಂಡು ಬಂದು ಸುರಿದರು. ಹೂಜರ್ ಸ್ಲೈಡ್ ಇದ್ದ ಜಾಗ ಅಲ್ಲಿಂದ ಕೂಗಳತೆಯ ದೂರ.